ಭೀಮಕ್ಕನ ಏಳನೇ ಜೇಬು

ಮಿಡಿಗೇಶಿಯ ಭೀಮಕ್ಕನ ಎಲೆ ಅಡಿಕೆ ಚೀಲಕ್ಕೆ ಏಳು ಜೇಬು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು, ಲವಂಗಕ್ಕೊಂದು, ಅಡಕತ್ತರಿಗೊಂದು. ಏಳನೆಯದು ಮೂವತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಈ ವರ್ಷ ಅದಕ್ಕೂ ಕೆಲಸ ಬಂತು.

ಭೀಮಕ್ಕನಿಗೆ ಅರೆತಲೆನೋವು. ತಿಂಗಳಿಗೆ ಎರಡು ಸಲ ಬರುತ್ತಿತ್ತು. ಬಂತೆಂದರೆ ಬಲಗಣ್ಣಿನ ಮೇಲೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಹಟ್ಟಿಯ ಕುರಿ ಅರಚಿದರೂ ವಾಂತಿ. ಸೊಸೆ ಶಾಂತಕುಮಾರಿ ಬಲವಂತ ಮಾಡಿ ಮಧುಗಿರಿಯಲ್ಲಿ ಡಾಕ್ಟರ್ ಸರ್ವಮಂಗಳಾ ಅವರಿಗೆ ತೋರಿಸಿದಳು. ಡಾಕ್ಟರು ಬಿಪಿ ನೋಡಿದರು, ಹೃದಯದ ತೊಂದರೆ ಏನಾದರೂ ಇದೆಯಾ ಎಂದು ಎರಡೆರಡು ಸಲ ಕೇಳಿದರು.

“ನನ್ನೆದೆ ಮಿಡಿಗೇಶಿ ಬೆಟ್ಟ ಇದ್ದಂಗೈತೆ ಕಣ್ರವ್ವ, ನೀವು ತಲೆ ನೋಡಿ” ಎಂದಳು ಭೀಮಕ್ಕ.

ಡಾಕ್ಟರು ಹತ್ತು ಗುಲಾಬಿ ಮಾತ್ರೆಗಳ ಒಂದು ಸ್ಟ್ರಿಪ್ ಬರೆದುಕೊಟ್ಟರು. ನೋವು ಶುರುವಾದ ಕೂಡಲೇ ಒಂದು. ವಾರದಲ್ಲಿ ಎರಡು ದಿನ ಮೀರಬಾರದು. ಕೇಳದೆ ಬೇರೆ ನೋವಿನ ಮಾತ್ರೆ ಸೇರಿಸಬಾರದು. ಹೃದಯದ ಕಾಯಿಲೆಯವರಿಗೆ ಇದು ಆಗುವುದಿಲ್ಲ, ಯಾರಿಗೂ ಕೊಡಲೇಬಾರದು ಎಂದರು. ಭೀಮಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ತಲೆಯಾಡಿಸಿದರೆ ನೋವು ಜಾಸ್ತಿಯಾಗುತ್ತದೆ ಎಂಬುದೊಂದನ್ನು ಬಿಟ್ಟು ಅವಳ ಮನಸ್ಸಿಗೆ ಬೇರೇನೂ ಇಳಿಯಲಿಲ್ಲ.

ಮನೆಗೆ ಬಂದವಳೇ ಅಡಕತ್ತರಿ ತೆಗೆದು ಸ್ಟ್ರಿಪ್ಪನ್ನು ಹತ್ತು ತುಂಡು ಮಾಡಿದಳು. ಮಾತ್ರೆಯ ಹೆಸರೂ ಹೋಯಿತು, ತಾರೀಖೂ ಹೋಯಿತು. ಹತ್ತು ತುಂಡೂ ಏಳನೇ ಜೇಬು ಸೇರಿದವು.

ಈ ಸೀಮೆಯಲ್ಲಿ ಜಗುಲಿಗೆ ಬಂದು ಕೂತವರ ಮುಂದೆ ಚೀಲ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಕೇಳಿದ್ದನ್ನು ಇಲ್ಲವೆಂದರೆ ನೆಂಟಸ್ತನವೇ ಕಡಿದುಹೋಗುತ್ತದೆ. ಪಕ್ಕದ ಮನೆಯ ಚಿಕ್ಕರಂಗಯ್ಯ ಬಿಸಿಲಿನಿಂದ ಬಂದು ತಲೆ ಹಿಡಿದುಕೊಂಡು ಕೂತ. ಎಲೆಯ ಜೊತೆ ಗುಲಾಬಿ ಮಾತ್ರೆಯೂ ಸಿಕ್ಕಿತು. ಮಾರನೆಯ ದಿನ ಅವನು ಋಣ ಉಳಿಸಿಕೊಳ್ಳದೆ ತನ್ನ ಮಂಡಿನೋವಿನ ಹಳದಿ ಮಾತ್ರೆ ಒಂದು ಹಿಡಿ ತಂದುಕೊಟ್ಟ. ಹೀಗೇ ಕೊಟ್ಟು ತೆಗೆದುಕೊಂಡು ಜೇಬಿನಲ್ಲಿ ಗುಲಾಬಿ ಕರಗಿತು. ಹಳದಿ, ಬಿಳಿ, ಎರಡು ಬಣ್ಣದ ಕ್ಯಾಪ್ಸೂಲು ತುಂಬಿದವು. ಬಂದದ್ದನ್ನು ದಂಡ ಮಾಡುವುದು ಯಾಕೆಂದು ಭೀಮಕ್ಕ ದಿನಕ್ಕೊಂದರಂತೆ ನುಂಗಿದಳು. ಮೂರ್ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, ತಿಂಗಳಿಗೆರಡು ಸಲ ಬರುತ್ತಿದ್ದ ನೋವು ದಿನವೂ ಬರತೊಡಗಿತು. ಯಾರದೋ ಕಣ್ಣು ಬಿದ್ದಿದೆ ಎಂದು ಅವಳು ದೃಷ್ಟಿ ತೆಗೆಸಿಕೊಂಡಳು.

ಇಂಥ ಹೊತ್ತಿನಲ್ಲಿ ಕಳ್ಳಂಬೆಳ್ಳದಿಂದ ಅವಳ ಅಣ್ಣ ಹುಚ್ಚಣ್ಣ ಬಂದ. ಐದು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ಅವನ ಮಗಳ ಮದುವೆಯಲ್ಲಿ ಒಡಹುಟ್ಟಿದ ತಂಗಿಗೆ ಕೊಡಬೇಕಾದ ಮೊದಲ ಎಲೆ ಅಡಿಕೆಯನ್ನು ಗಡಿಬಿಡಿಯಲ್ಲಿ ಬೀಗಿತ್ತಿಯ ಕೈಗೆ ಕೊಟ್ಟುಬಿಟ್ಟಿದ್ದ. ಭೀಮಕ್ಕ ಊಟ ಮಾಡದೆ ಎದ್ದು ಬಂದವಳು ಆ ಕಡೆ ತಲೆ ಹಾಕಿ ಮಲಗಿರಲಿಲ್ಲ. ಹೋದ ವರ್ಷ ಅವನ ಎದೆಗೆ ಸ್ಟೆಂಟ್ ಹಾಕಿದಾಗಲೂ ಹೋಗಲಿಲ್ಲ. ಮನೆಯ ಹಿತ್ತಿಲಲ್ಲಿ ಕೂತು ಅತ್ತಿದ್ದಳು, ಅಷ್ಟೆ.

“ತಪ್ಪಾಯ್ತು ಕಣವ್ವ ಭೀಮಿ” ಎಂದ ಹುಚ್ಚಣ್ಣ. ಭೀಮಕ್ಕನಿಗೆ ಅಷ್ಟು ಸಾಕಾಯಿತು. ಇಬ್ಬರೂ ಅತ್ತರು, ಮುದ್ದೆ ಉಂಡರು. ಹೊರಡುವಾಗ ಅವನು ಹಣೆ ಒತ್ತಿಕೊಂಡು, “ಪ್ರಯಾಣ ಮಾಡಿ ತಲೆ ಸಿಡೀತೈತೆ. ಏನಾರ ಮಡಿಕ್ಕಂಡಿದ್ದೀಯಾ?” ಎಂದ.

ಐದು ವರ್ಷದ ಮೇಲೆ ಅಣ್ಣ ಕೈಚಾಚಿದ್ದಾನೆ. ಏಳನೇ ಜೇಬಿನಲ್ಲಿ ಒಂದೇ ಒಂದು ಗುಲಾಬಿ ಉಳಿದಿತ್ತು. ಅದನ್ನೇ ಕೊಟ್ಟಳು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. “ಬಸ್ಸಾಗೆ ನುಂಗ್ತೀನಿ ಬುಡು” ಎಂದು ಅವನು ಓಡಿದ.

ಒಳಗಿಂದ ಬಂದ ಶಾಂತಕುಮಾರಿ, “ಮಾವ ಏನೋ ಇಸ್ಕಂಡ್ರಲ್ಲ, ಏನತ್ತೆ ಅದು?” ಎಂದಳು.

“ನನ್ ತಲೆನೋವಿಂದು.”

“ಅಯ್ಯೋ, ಮಾವಂಗೆ ಸ್ಟೆಂಟ್ ಹಾಕವ್ರೆ! ಡಾಕ್ಟ್ರು ಅವತ್ತು ಏನಂದ್ರು?”

ಡಾಕ್ಟರು ಅಂದದ್ದೆಲ್ಲ ಭೀಮಕ್ಕನಿಗೆ ಆಗ ಒಂದೇ ಏಟಿಗೆ ನೆನಪಾಯಿತು. ಶಾಂತಕುಮಾರಿ ಮಾವನಿಗೆ ಫೋನ್ ಮಾಡಿದಳು. ಫೋನು ಅವರದೇ ನಡುಮನೆಯಲ್ಲಿ ರಿಂಗಾಯಿತು. ಚಾರ್ಜಿಗೆ ಹಾಕಿದ್ದನ್ನು ಹುಚ್ಚಣ್ಣ ಅಲ್ಲೇ ಮರೆತಿದ್ದ.

ಸೊಸೆ ಸ್ಕೂಟರ್ ತೆಗೆದಳು. ಅತ್ತೆ ಚೀಲವನ್ನು ಎದೆಗವಚಿಕೊಂಡು ಹಿಂದೆ ಕೂತಳು. ದಾರಿಯುದ್ದಕ್ಕೂ ಒಂದೇ ಮಾತು: “ಒಬ್ಬ ಅಣ್ಣ ಕಣೇ, ಇರೋನೊಬ್ಬ.” ಎರಡು ಸ್ಟಾಪು ಕಳೆದ ಮೇಲೆ ಬಸ್ಸು ಸಿಕ್ಕಿತು. ಶಾಂತಕುಮಾರಿ ಗಾಡಿ ಅಡ್ಡ ನಿಲ್ಲಿಸಿದಳು, ಭೀಮಕ್ಕ ಬಸ್ಸಿಗೆ ನುಗ್ಗಿದಳು.

“ನುಂಗಿದ್ಯಾ ಅಣ್ಣಾ?”

“ಇಲ್ಲ ಕಣವ್ವ. ಕಂಡಕ್ಟರ್‌ಗೆ ಕೊಟ್ಬುಟ್ಟೆ. ಬೆಳಿಗ್ಗಿಂದ ಹೆಂಗಸ್ರ ಆಧಾರ್ ಕಾರ್ಡ್ ನೋಡೀ ನೋಡೀ ತಲೆ ಒಡೀತೈತೆ ಅಂದ, ಪಾಪ.”

ಅಣ್ಣನೂ ಅದೇ ಮನೆಯಲ್ಲಿ ಬೆಳೆದವನಲ್ಲವೇ! ಭೀಮಕ್ಕ ಕಂಡಕ್ಟರ್ ರಂಗರಾಜುವಿನ ಕಡೆ ತಿರುಗಿದಳು. ಅವನು ತಪ್ಪು ಮಾಡಿದವನಂತೆ ಮುಂದಕ್ಕೆ ಕೈ ತೋರಿಸಿದ. “ನಮ್ ಡ್ರೈವರಣ್ಣಂಗೆ ಕತ್ತು ಹಿಡ್ಕಂಡು ತಲೆವರ್ಗೂ ನೋಯ್ತಿತ್ತು ಕಣಮ್ಮ. ಅವ್ರಿಗೆ ಕೊಟ್ಟೆ.”

ಡ್ರೈವರ್ ಕುಮಾರಸ್ವಾಮಿ ಒಂದು ಕೈಯಲ್ಲಿ ನೀರಿನ ಬಾಟಲು, ಇನ್ನೊಂದರಲ್ಲಿ ಗುಲಾಬಿ ಮಾತ್ರೆ ಹಿಡಿದಿದ್ದ. ಬಸ್ಸು ನಿಂತಿತಲ್ಲ, ನುಂಗಲು ಪುರಸೊತ್ತು ಸಿಕ್ಕಿತ್ತು. ಭೀಮಕ್ಕ ಹದ್ದಿನಂತೆ ಎರಗಿ ಕಿತ್ತುಕೊಂಡಳು.

“ನುಂಗ್ಬೇಡ ಕಣಪ್ಪಾ! ಅದನ್ನ ನುಂಗಿದ್ರೆ ನಂಗೆ ಅರ್ಧ ದಿನ ಮಂಪರು. ನೀನು ಮಲಿಕ್ಕಂಡ್ರೆ ಈ ಬಸ್ಸು ಎಲ್ಲಿ ಮಲಿಕ್ಕಂತದೆ?”

ಮುಂದಿನ ಸೀಟಿನವರೆಲ್ಲ ಎದ್ದು ನಿಂತರು. ಭೀಮಕ್ಕ ಅಲ್ಲೇ ಗೇರ್ ಬಾಕ್ಸ್ ಪಕ್ಕ ಕುಸಿದು ಕೂತಳು. “ಐದು ವರ್ಷ ಮಾತು ಬುಟ್ಟು ಸಾಯಿಸಿದ್ದು ಸಾಲ್ದು ಅಂತ ಮಾತ್ರೆ ಕೊಟ್ಟು ಸಾಯಿಸ್ತಿದ್ದೆನಲ್ಲಣ್ಣಾ” ಎಂದು ಗೊಳೋ ಎಂದಳು. ಅಳುವಿಗೆ ಅವಳ ತಲೆನೋವೂ ಎದ್ದಿತು. ಹುಚ್ಚಣ್ಣ, ಇದು ನಿಂದೇ ತಾನೆ, ನೀನಾದರೂ ನುಂಗು ಎಂದ. ಬೆಳಿಗ್ಗೆ ಚಿಕ್ಕರಂಗಯ್ಯನ ಹಳದಿ ನುಂಗಿದ್ದಳು; ಒಂದರ ಮೇಲೊಂದು ಸೇರಿಸಬಾರದೆಂದು ಡಾಕ್ಟರು ಅಂದದ್ದು ಈಗ ನೆನಪಿತ್ತು. ಜೀವನದಲ್ಲಿ ಮೊದಲ ಸಲ ಭೀಮಕ್ಕ ಕೈಗೆ ಬಂದ ಮಾತ್ರೆಯನ್ನು ಬೇಡವೆಂದಳು.

ಬಸ್ಸು ಹೇಗೂ ಮಧುಗಿರಿಗೇ ಹೋಗುತ್ತಿತ್ತು. ಡಾಕ್ಟರ್ ಸರ್ವಮಂಗಳಾ ಏಳನೇ ಜೇಬನ್ನು ಮೇಜಿನ ಮೇಲೆ ಸುರಿದು ಬಣ್ಣಬಣ್ಣದ ಮಾತ್ರೆಗಳನ್ನು ಬೆರಳಿನಿಂದ ಬೇರೆ ಮಾಡಿ ನೋಡಿದರು.

“ಭೀಮಕ್ಕ, ನಿಮಗೆ ಯಾರ ಕಣ್ಣೂ ಬಿದ್ದಿಲ್ಲ. ದಿನಾ ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಗಳೇ ನೋವು ತರುತ್ತವೆ. ಇವನ್ನೆಲ್ಲ ನಿಲ್ಲಿಸಿ. ಮೊದಲ ಎರಡು ವಾರ ಕಷ್ಟ ಆಗುತ್ತೆ, ಆಮೇಲೆ ಇಳಿಯುತ್ತೆ. ಹೊಸ ಸ್ಟ್ರಿಪ್ ಆಮೇಲೆ ಕೊಡ್ತೀನಿ, ಅದಕ್ಕೆ ಅಡಕತ್ತರಿ ಮುಟ್ಟಿಸಬೇಡಿ” ಎಂದರು. ಹುಚ್ಚಣ್ಣನ ಬಿಪಿಯನ್ನೂ ನೋಡಿ, ಅವನ ಹೃದಯದ ಡಾಕ್ಟರನ್ನು ಕೇಳದೆ ಏನನ್ನೂ ನುಂಗಕೂಡದೆಂದು ಗದರಿದರು.

ಹುಚ್ಚಣ್ಣ ಕಳ್ಳಂಬೆಳ್ಳಕ್ಕೆ ಹೋಗಲಿಲ್ಲ. “ಹದಿನೈದು ದಿನ ಈ ಚೀಲ ನನ್ ಕೈಲಿರ್ತದೆ” ಎಂದು ತಂಗಿಯ ಜೊತೆ ಮಿಡಿಗೇಶಿಗೆ ವಾಪಸು ಬಂದ.

ಐದನೆಯ ದಿನ ಚಿಕ್ಕರಂಗಯ್ಯ ಜಗುಲಿಗೆ ಬಂದು ಕೂತ. ಭೀಮಕ್ಕ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ನೋವು ಜೀವ ಹಿಂಡುತ್ತಿತ್ತು.

“ಅಕ್ಕಾ, ಒಂದು ಗುಲಾಬಿದು ಕೊಡ್ತೀಯಾ?”

“ಅದು ನನ್ ತಲೆಗೆ ಬರ್ದಿದ್ದು ಕಣ್ಲಾ. ನಿನ್ ತಲೇನ ನೀನೇ ಮಧುಗಿರಿಗೆ ತಗಂಡೋಗು.”

ಚಿಕ್ಕರಂಗಯ್ಯ ಮುಖ ಉಬ್ಬಿಸಿ ಹುಚ್ಚಣ್ಣನ ಮುಂದೆ ಕೈಯೊಡ್ಡಿದ, ಎಲೆಯಾದರೂ ಸಿಗಲಿ ಎಂದು. ಹುಚ್ಚಣ್ಣ ಚೀಲ ಬಿಚ್ಚಿ ಚಿಗುರೆಲೆಯೊಂದನ್ನು ಆರಿಸಿ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟ. ಚಾಚಿದ ಕೈಯನ್ನು ದಾಟಿಸಿ ಅದನ್ನು ತಂಗಿಗೆ ಕೊಟ್ಟ.

“ಮೊದ್ಲು ನಿಂಗೆ ಕಣವ್ವ” ಎಂದ.

ಮದುವೆ ಚಪ್ಪರದಲ್ಲಿ ಬರಬೇಕಿದ್ದ ಎಲೆ ಐದು ವರ್ಷ ತಡವಾಗಿ ಬಂದಿತ್ತು. ಭೀಮಕ್ಕ ಅದನ್ನು ಯಾರಿಗೂ ಕೊಡದೆ ತಾನೇ ತಿಂದಳು.