ಲಸಿಕೆಯೋ, ಬರೀ ನೀರೋ

ಫೋನಿನಲ್ಲಿ ಮೊದಲು ಕೇಳಿಸಿದ್ದು ಮಗುವಿನ ಅಳು. ಅದರ ಹಿಂದೆಯೇ ಪಾವನಾಳ ದನಿ.

"ಮೇಡಂ, ತೇಜು ಬೆಳಿಗ್ಗೆಯಿಂದ ಅಳ್ತಾವ್ನೆ. ಸುಮ್ಕೆ ಅಳೋದಲ್ಲ. ಕಾಲು ಹೊಟ್ಟೆಗೆ ಮಡಚ್ಕೊಂಡು ಕಿರುಚ್ತಾನೆ, ಆಮೇಲೆ ಸುಸ್ತಾಗಿ ಬಿದ್ಕೋತಾನೆ. ಒಂಚೂರು ಹೊತ್ತು ಬಿಟ್ಟು ಮತ್ತೆ ಶುರು. ಅವತ್ತು ನೀವು ಹೇಳಿದ್ರಲ್ಲ, ಹಂಗೇ."

ಡಾಕ್ಟರ್ ಸೌಂದರ್ಯಾ ಕುರ್ಚಿಯಿಂದ ಎದ್ದಳು. "ವಾಂತಿ?"

"ಆಯ್ತು. ಹಸಿರು ಹಸಿರಾಗಿ."

"ಡಯಾಪರ್ ನೋಡಿದ್ರಾ?"

ಆ ಕಡೆ ಡಯಾಪರಿನ ಪಟ್ಟಿ ಕಿತ್ತ ಸದ್ದು. "ಈಗ ನೋಡ್ತಾ ಇದೀನಿ. ಕೆಂಪಗೈತೆ ಮೇಡಂ. ಲೋಳೆ ಲೋಳೆ."

"ಹಾಲು ಬೇಡ, ನೀರೂ ಬೇಡ. ಮಗೂನ ಎತ್ಕೊಂಡು ರೆಡಿಯಾಗಿರಿ. ನಾನೇ ಬರ್ತೀನಿ."

ಸೌಂದರ್ಯಾ ಕೆಲಸ ಮಾಡುವ ರಾಯಪುರಂನ ಪುಟ್ಟ ಕ್ಲಿನಿಕ್ಕಿನಲ್ಲಿ ಹಸುಗೂಸುಗಳ ರಕ್ತಭೇದಿಗೆ ಹೊಸ ಲಸಿಕೆಯೊಂದರ ಪರೀಕ್ಷೆ ನಡೆಯುತ್ತಿತ್ತು. ಸೂಜಿಯಿಲ್ಲ, ಬಾಯಿಗೆ ಹಾಕುವ ಹನಿ. ರೋಗ ಬರುವುದು ಬಾಯಿಯಿಂದ ಕರುಳಿಗೆ, ಆದ್ದರಿಂದ ಕಾವಲೂ ಕರುಳಿನಲ್ಲೇ ಇರಬೇಕು ಎಂದು ಸೌಂದರ್ಯಾ ತಾಯಂದಿರಿಗೆ ಹೇಳುತ್ತಿದ್ದಳು. ಅರ್ಧ ಮಕ್ಕಳಿಗೆ ಲಸಿಕೆ, ಇನ್ನರ್ಧಕ್ಕೆ ಅದೇ ಬಣ್ಣದ, ಅದೇ ರುಚಿಯ ಬರೀ ನೀರು. ಯಾವ ಮಗುವಿಗೆ ಯಾವುದು ಬಿತ್ತೆಂಬುದು ಹನಿ ಹಾಕುವ ನರ್ಸಿಗೂ ತಿಳಿಯದು, ಸೌಂದರ್ಯಾಳಿಗೂ ತಿಳಿಯದು. ಹಾಗೆ ಮುಚ್ಚಿಟ್ಟರೆ ಮಾತ್ರ ಲೆಕ್ಕಕ್ಕೆ ಬೆಲೆ.

ಸೌಂದರ್ಯಾಳ ಮನೆಯವರು ಅಜ್ಜನ ಕಾಲದಲ್ಲೇ ಬಳ್ಳಾರಿಯಿಂದ ಬಂದು ಕೀಲ್ಪಾಕ್‌ನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಪಾವನಾ ಮದುವೆಯಾಗಿ ಮಂಡ್ಯದ ಕಡೆಯಿಂದ ಬಂದವಳು. ಗಂಡ ದಿನೇಶ್ ಬಂದರಿನಲ್ಲಿ ಕ್ರೇನುಗಳ ಎಂಜಿನಿಯರ್. ತಮಿಳು ಇನ್ನೂ ನಾಲಿಗೆಗೆ ಹತ್ತದ ಪಾವನಾ ಮೊದಲ ಸಲ ಕ್ಲಿನಿಕ್ಕಿಗೆ ಬಂದಾಗ ಸೌಂದರ್ಯಾ ಕನ್ನಡದಲ್ಲೇ ಎಲ್ಲ ವಿವರಿಸಿದ್ದಳು. ಹನಿ ಹಾಕುವ ಬೇರೆ ಲಸಿಕೆಗಳಲ್ಲಿ ಅಪರೂಪಕ್ಕೊಮ್ಮೆ ಮಗುವಿನ ಕರುಳು, ತೆಗೆದ ಅಂಗಿಯ ತೋಳು ಒಳಕ್ಕೆ ಸೇರಿಕೊಳ್ಳುವ ಹಾಗೆ, ತನ್ನೊಳಗೇ ಸೇರಿ ಸಿಕ್ಕಿಬಿಡುವುದುಂಟು ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ. ಹಾಗಾದರೆ ಹೇಗೆ ಗೊತ್ತಾಗುತ್ತದೆ ಎಂದು ಪಾವನಾ ಕೇಳಿ ಕೇಳಿ ತಿಳಿದುಕೊಂಡಿದ್ದಳು. ತೇಜುವಿಗೆ ಎರಡನೆಯ ಸಲದ ಹನಿ ಬಿದ್ದದ್ದು ಹೋದ ವಾರ.

ಕ್ಲಿನಿಕ್ಕಿನ ವ್ಯಾನು ಹತ್ತುತ್ತಲೇ ಸೌಂದರ್ಯಾ ಪರೀಕ್ಷೆಯ ಮುಖ್ಯಸ್ಥ ಜಯಪ್ರಕಾಶ್‌ಗೆ ಫೋನ್ ಮಾಡಿದಳು.

"ಮೊದ್ಲು ಕ್ಲಿನಿಕ್ಕಿಗೆ ಕರ್ಕೊಂಡು ಬಾಮ್ಮ, ನೋಡೋಣ. ಬರೀ ಭೇದಿ ಇರಬಹುದು."

"ನಾವು ನೋಡಿ ಮಾಡೋದೇನಿದೆ ಸರ್? ಸ್ಕ್ಯಾನ್ ಬೇಕು, ಸರ್ಜನ್ ಬೇಕು. ನೇರ ಕೀಲ್ಪಾಕ್ ಆಸ್ಪತ್ರೆಗೆ ಹೋಗ್ತೀನಿ."

"ಸರಿ. ಅಲ್ಲಿಗೆ ನಾನು ಹೇಳಿಡ್ತೀನಿ. ಹೋಗು."

ಮನೆಯ ಬಾಗಿಲಲ್ಲಿ ಪಾವನಾಳ ಅತ್ತೆ ಶಿವಲಿಂಗಮ್ಮ ಓಮದ ನೀರಿನ ಲೋಟ ಹಿಡಿದು ನಿಂತಿದ್ದರು. "ಹಲ್ಲು ಬರೋ ಕೂಸು ಕಣವ್ವ, ಹೊಟ್ಟೆ ನುಲೀತದೆ. ಎಲ್ಡು ಚಮಚ ಕುಡುಸುದ್ರೆ ನಿಂತೋಯ್ತದೆ. ಇಷ್ಟುಕ್ಕೆಲ್ಲ ಆಸ್ಪತ್ರೆನಾ?"

"ಅತ್ತೆ, ದಾರಿ ಬಿಡಿ," ಎಂದಳು ಪಾವನಾ. ಅತ್ತೆಯ ಎದುರು ಅವಳು ಹಾಗೆ ಮಾತಾಡಿದ್ದೇ ಇಲ್ಲವೇನೋ, ಶಿವಲಿಂಗಮ್ಮ ಪಕ್ಕಕ್ಕೆ ಸರಿದರು. ಆಮೇಲೆ ಲೋಟವನ್ನು ಅಲ್ಲೇ ಇಟ್ಟು ತಾವೂ ವ್ಯಾನು ಹತ್ತಿದರು.

ಬಂದರಿನ ಕಡೆ ಹೋಗುವ ಕಂಟೇನರ್ ಲಾರಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಡ್ರೈವರ್ ಬಾಬು ಹಾರ್ನ್ ಒತ್ತಿದ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಾಡಿದ. ತೇಜುವಿನ ಅಳು ನಿಂತಿತು. ಶಿವಲಿಂಗಮ್ಮ ನಿಟ್ಟುಸಿರು ಬಿಟ್ಟು, "ನೋಡು, ಮಲಿಕಂಡ," ಎಂದರು. ಸೌಂದರ್ಯಾಳಿಗೆ ಮಾತ್ರ ಆ ಮೌನ ಅಳುವಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟಳು. ಬಲಗಡೆ, ಪಕ್ಕೆಯ ಕೆಳಗೆ, ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಅವಳು ಕೈ ತೆಗೆಯಲಿಲ್ಲ, ಮುಖದಲ್ಲಿ ಏನೂ ತೋರಿಸಿಕೊಳ್ಳಲೂ ಇಲ್ಲ. ತಾನು ಕನ್ನಡದವಳೆಂಬ ಒಂದೇ ಕಾರಣಕ್ಕೆ ಈ ಹುಡುಗಿ ತನ್ನ ಮಾತು ನಂಬಿ ಮಗುವನ್ನು ಕೊಟ್ಟಳೇ ಎಂಬ ಯೋಚನೆ ಬಂದದ್ದು ಮತ್ತೆ ಹೋಗಲಿಲ್ಲ.

ಸ್ಕ್ಯಾನಿನಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕರುಳು ಕರುಳೊಳಗೆ ಸಿಕ್ಕಿತ್ತು. ಹಿಂದಿನಿಂದ, ಎನಿಮಾ ಕೊಡುವ ಹಾಗೆ, ಉಪ್ಪುನೀರು ತುಂಬಿ, ಅದರ ಒತ್ತಡದಿಂದ ಸಿಕ್ಕಿದ ಭಾಗವನ್ನು ಹೊರಕ್ಕೆ ತಳ್ಳಿ ನೋಡುತ್ತೇವೆ, ಆಗದಿದ್ದರೆ ಹೊಟ್ಟೆ ಕೊಯ್ಯಬೇಕು ಎಂದರು ಸರ್ಜನ್. ಅಷ್ಟರಲ್ಲಿ ದಿನೇಶ್ ಬಂದರಿನಿಂದ ಓಡಿ ಬಂದಿದ್ದ. ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ರಕ್ತಭೇದಿ ಬರಬಾರ್ದು ಅಂತ ತಾನೆ ಹನಿ ಹಾಕಿದ್ದು? ಈಗ ರಕ್ತ ಹೋಗ್ತಾ ಐತಲ್ಲ!"

"ಇದು ರಕ್ತಭೇದಿಯಲ್ಲ. ಬೇರೆ—"

"ಬೇರೆ ಏನಾದ್ರೂ ಆಗ್ಲಿ. ನನ್ನ ಮಗನಿಗೆ ಹಾಕಿದ್ದು ಲಸಿಕೆಯೋ, ಬರೀ ನೀರೋ? ಅದೊಂದು ಹೇಳಿ."

"ನಂಗೆ ಗೊತ್ತಿಲ್ಲ ದಿನೇಶ್."

"ಗೊತ್ತಿಲ್ವಾ? ನೀವು ಡಾಕ್ಟ್ರಲ್ವಾ?"

ಸೌಂದರ್ಯಾ ಜಯಪ್ರಕಾಶ್‌ಗೆ ಮತ್ತೆ ಫೋನ್ ಮಾಡಿದಳು. ಗುಟ್ಟು ಒಡೆದರೆ ಚಿಕಿತ್ಸೆ ಬದಲಾಗುತ್ತದೆಯೇ, ಸರ್ಜನ್‌ರನ್ನು ಕೇಳು ಎಂದರು ಅವರು. ಸರ್ಜನ್ ಇಲ್ಲವೆಂದು ತಲೆಯಾಡಿಸಿದರು. ಲಸಿಕೆಯಾದರೂ ನೀರಾದರೂ ಮಾಡುವುದು ಇದನ್ನೇ. ಹಾಗಿದ್ದ ಮೇಲೆ ಗುಟ್ಟು ಒಡೆಯುವಂತಿರಲಿಲ್ಲ. ಅದನ್ನು ಹೇಳಲು ದಿನೇಶನ ಬಳಿ ಹೋದಾಗ ಅವನು ಮುಖ ತಿರುಗಿಸಿ ಗೋಡೆಯ ಕಡೆ ನಿಂತ.

ಮೊದಲ ಪ್ರಯತ್ನ ಅರ್ಧಕ್ಕೇ ನಿಂತಿತು. ನರ್ಸೊಬ್ಬಳು ಹೊರಬಂದು ಆಪರೇಷನ್ ಥಿಯೇಟರಿಗೆ ಹೇಳಿಡಲು ಓಡಿದಳು. ಶಿವಲಿಂಗಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಪಾವನಾ ಅಳಲಿಲ್ಲ. ಸೌಂದರ್ಯಾಳ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು ಕೂತಳು. ಬಿಡಿಸಿಕೊಳ್ಳಬೇಕೆಂದು ಸೌಂದರ್ಯಾಳಿಗೂ ಅನ್ನಿಸಲಿಲ್ಲ.

ಕೊಂಚ ಬಿಡುವು ಕೊಟ್ಟು ಮತ್ತೆ ನೀರು ತುಂಬಿದರು. ಈ ಸಲ ಸರ್ಜನ್ ತಾವೇ ಬಾಗಿಲು ತೆರೆದು ಬಂದರು. "ಸರಿಯಾಯಿಡುಚ್ಚು," ಎಂದರು.

ಪಾವನಾಳಿಗೆ ಆ ತಮಿಳನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ತಡ ಮಾಡಿದ್ದರೆ ಕರುಳು ಕಪ್ಪಾಗಿ ಹೋಗಿರುತ್ತಿತ್ತು, ಈ ತಾಯಿ ಬೇಗ ತಂದಳು," ಎಂದು ಸರ್ಜನ್ ಹೇಳಿದ್ದನ್ನು ಸೌಂದರ್ಯಾ ಕನ್ನಡದಲ್ಲಿ ಹೇಳಿದಾಗ ಮಾತ್ರ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತೇ ಹೊಸ ಮಕ್ಕಳಿಗೆ ಹನಿ ಹಾಕುವುದು ನಿಂತಿತು. ಹೊರಗಿನ ತಜ್ಞರ ಸಮಿತಿಯೊಂದು ಮುಚ್ಚಿಟ್ಟದ್ದನ್ನು ತಾನು ಮಾತ್ರ ತೆರೆದು ನೋಡಿತು. ಆ ವಾರಗಳಲ್ಲಿ ಸೌಂದರ್ಯಾ, ಹನಿ ಹಾಕಿಸಿಕೊಂಡ ಒಂದೊಂದು ಮಗುವಿನ ಮನೆಗೂ ಹೋಗಿ ಹೊಟ್ಟೆ ಮುಟ್ಟಿ ನೋಡಿ ಬಂದಳು. ಕೊನೆಗೆ ಸಮಿತಿ ಮುಂದುವರಿಸಲು ಒಪ್ಪಿತು. ಆದರೆ ಹನಿಗಳನ್ನು, ಈ ಅಪಾಯ ಕಡಿಮೆಯಿರುವ, ಇನ್ನೂ ಎಳೆಯ ವಯಸ್ಸಿನಲ್ಲೇ ಮುಗಿಸಬೇಕು, ಹಾಕಿದ ಮೇಲೆ ದಿನವೂ ಮನೆಗೆ ಫೋನ್ ಮಾಡಬೇಕು ಎಂದಿತು. ತೇಜುವಿಗೆ ಮತ್ತೆ ಹನಿ ಹಾಕಲಿಲ್ಲ.

ಮರುವರ್ಷ ಪರೀಕ್ಷೆ ಮುಗಿದು ಗುಟ್ಟು ಬಿಚ್ಚಿದಾಗ ಸೌಂದರ್ಯಾ ತಾನೇ ಅವರ ಮನೆಗೆ ಹೋದಳು. ತೇಜು ನಡೆಯಲು ಕಲಿತಿದ್ದ.

"ತೇಜುವಿಗೆ ಬಿದ್ದಿದ್ದು ಲಸಿಕೆನೇ," ಎಂದಳು, ಕೂರುವ ಮೊದಲೇ.

"ಹಂಗಾದ್ರೆ ಅದರಿಂದ್ಲೇ ಆಗಿದ್ದು," ಎಂದ ದಿನೇಶ್.

"ಇರಬಹುದು. ಇಲ್ದೇನೂ ಇರಬಹುದು. ನೀರು ಬಿದ್ದ ಒಂದು ಮಗೂಗೂ ಹೀಗೇ ಆಗಿದೆ. ಲಸಿಕೆ ಬಿದ್ದ ಮಕ್ಕಳಲ್ಲಿ ರಕ್ತಭೇದಿ ಅರ್ಧಕ್ಕರ್ಧ ಕಡಿಮೆಯಾಗಿದೆ. ಆದ್ರೆ ತೇಜು ವಿಷಯದಲ್ಲಿ ಇದೇ ಕಾರಣ ಅಂತ ಯಾರಿಗೂ ಹೇಳೋಕಾಗಲ್ಲ. ನಂಗೂ ಆಗಲ್ಲ."

ದಿನೇಶ್ ಎದ್ದು ಬಾಲ್ಕನಿಗೆ ಹೋದ. ಶಿವಲಿಂಗಮ್ಮ ಕೇಳಿದರು, "ಇನ್ ಮುಂದುಕ್ಕೆ ಕೂಸಿಗೆ ಏನೂ ಆಗಾಕಿಲ್ವಾ ತಾಯಿ?"

"ಮತ್ತೆ ಆಗೋದು ಅಪರೂಪ ಅಮ್ಮ. ಹೊಟ್ಟೆನೋವು ಅಂತ ಹಾಗೆ ಅತ್ತರೆ ಮಾತ್ರ ಕಾಯ್ಬೇಡಿ."

"ಕಾಯಾಕಿಲ್ಲ ಬುಡು," ಎಂದರು ಶಿವಲಿಂಗಮ್ಮ.

ಪಾವನಾ ಬಾಗಿಲವರೆಗೆ ಬಂದಳು. "ಕೆಳಗಿನ ಮನೆಯವಳು ಕೇಳ್ತಾ ಇದ್ಲು ಮೇಡಂ. ಮುಂದಿನ ದೊಡ್ಡ ಪರೀಕ್ಷೆಗೆ ಅವಳ ಮಗೂನ ಸೇರಿಸ್ಲಾ ಅಂತ."

"ಏನು ಹೇಳಿದ್ರಿ?"

"ಸೇರ್ಸು ಅಂತ್ಲೂ ಹೇಳ್ಲಿಲ್ಲ, ಬೇಡ ಅಂತ್ಲೂ ಹೇಳ್ಲಿಲ್ಲ. ನಮಗಾಗಿದ್ದು ಹೇಳ್ದೆ, ಅಷ್ಟೇ. ನಾನಾದ್ರೆ ಇನ್ನೊಂದ್ಸಲ ಹಾಕಿಸ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ."

ಸೌಂದರ್ಯಾ ತಲೆಯಾಡಿಸಿ ಮೆಟ್ಟಿಲಿಳಿದಳು. ಕೆಳಗಿನ ಮನೆಯ ಬಾಗಿಲಲ್ಲಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಆ ಹೆಂಗಸು ಕಾಯುತ್ತಿದ್ದಳು. "ಡಾಕ್ಟರ್, ಕೊಂಜಂ ಉಳ್ಳೆ ವಾಂಗ," ಎಂದು ಕರೆದಳು. ಸೌಂದರ್ಯಾ ಚಪ್ಪಲಿ ಬಿಟ್ಟು ಒಳಗೆ ಹೋದಳು.