ಕಪ್ತಾನನ ಪತ್ರ

ಜುವೈರಿಯಾ ಮೂರನೆಯ ಪಿನ್ನು ಚುಚ್ಚುವಾಗ ದೋಹಾದ ವ್ಯಾಪಾರಿ ಅನ್ಸಾಫಾಕ ಹೊಟ್ಟೆಯನ್ನು ಎಷ್ಟು ಒಳಗೆಳೆದುಕೊಂಡರೆಂದರೆ, ಅಷ್ಟು ಹೊತ್ತು ಬಿಗಿಯಾಗಿದ್ದ ಗೌನು ಈಗ ಜೋಲತೊಡಗಿತು.

“ಉಸಿರು ಬಿಡಿ ಅನ್ಸಾಫಾಕ. ಸ್ಟೇಜಿನ ಮೇಲೆ ಹೀಗೇ ನಿಲ್ಲಲಿಕ್ಕೆ ಆಗ್ತದಾ?”

“ಡಾಕ್ಟರ್ ಆಗುದು ಸುಲಭ ಅಂತ ಯಾರು ಹೇಳಿದ್ದು ಮಾರಾಯ್ತಿ?” ಎಂದು ಅವರು ಹಲ್ಲುಗಳ ನಡುವೆಯೇ ಹೇಳಿದರು. “ಎಂಟನೇ ಕ್ಲಾಸಲ್ಲಿ ನಿಲ್ಲಿಸಿದವ ನಾನು. ಇಷ್ಟು ಕಷ್ಟ ಅಲ್ಲಿ ಇರ್ಲಿಲ್ಲ.”

ಗೌನು ಉಣ್ಣೆಯದು. ಫೆನ್‌ವಿಕ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಬ್ರಿಟಿಷರು ತಮ್ಮ ಊರಿನ ಚಳಿಯನ್ನೂ ನಿಯಮಾವಳಿಯಲ್ಲಿ ಬರೆದಿಟ್ಟು ಹೋಗಿದ್ದರು. ದೊರೆಗಳು ಹಡಗು ಹತ್ತಿ ಮುಕ್ಕಾಲು ಶತಮಾನ ದಾಟಿದರೂ ಚಳಿ ಮಾತ್ರ ನಿಯಮದಲ್ಲಿ ಉಳಿದಿತ್ತು. ದೋಹಾದಲ್ಲಿ ಗೌರವ ಡಾಕ್ಟರೇಟ್ ಸಮಾರಂಭ ಎಂದು ನಿಶ್ಚಯವಾದಾಗ ವಿಶ್ವವಿದ್ಯಾಲಯದವರು ಗೌನಿನ ಅಳತೆಯನ್ನಷ್ಟೇ ಕಳಿಸಿದರು. ಕನ್ನಡಿಗರ ಸಂಘ ಅದನ್ನು ಬಿನ್ ಒಮ್ರಾನ್ ಬಡಾವಣೆಯಲ್ಲಿ ಹೆಂಗಸರ ಅಬಾಯಾ ಹೊಲಿಯುವ ದರ್ಜಿಗೆ ಕೊಟ್ಟಿತು. ಕಪ್ಪು ಬಟ್ಟೆ, ಅಗಲ ತೋಳು, ಕಾಲಿನವರೆಗೆ ಉದ್ದ: ಅವನಿಗೆ ಇದು ದಿನನಿತ್ಯದ ಕಸುಬು. ಕೈ ಅಭ್ಯಾಸದಂತೆ ತೋಳಿನ ಅಂಚಿಗೆ ಮಣಿಗಳನ್ನೂ ಕೂರಿಸಿ, ಅದಕ್ಕೆ ದುಡ್ಡು ಬೇಡ ಎಂದಿದ್ದ.

ಹೀಗಾಗಿ ಈ ಶುಕ್ರವಾರದ ಮಧ್ಯಾಹ್ನ ಹೋಟೆಲಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ನಾಲ್ವರು ಗಣ್ಯರು ಮಿನುಗುತ್ತಾ ಬೆವರುತ್ತಿದ್ದರು. ಐದನೆಯವನು, ಅಲ್ ಖೋರ್‌ನ ಗುತ್ತಿಗೆದಾರ ಸಂತೋಷ್, ಇನ್ನೂ ಬಂದಿರಲಿಲ್ಲ.

ಜುವೈರಿಯಾ ಪಿನ್ನು ಚುಚ್ಚಲು ಒಪ್ಪಿಕೊಂಡದ್ದು ಸಂಘಸೇವೆಗಲ್ಲ. ಕುಲಸಚಿವರು ಇಲ್ಲಿ ಕೈಗೆ ಸಿಗುತ್ತಾರೆ ಎಂಬ ಒಂದೇ ಆಸೆಗೆ. ಅವಳು ಫೆನ್‌ವಿಕ್‌ನಲ್ಲೇ ಬಿಎಸ್ಸಿ ಪಾಸಾದವಳು. ಘಟಿಕೋತ್ಸವದ ವಾರ ಮದುವೆಯಾಯಿತು, ಮರುವಾರ ದೋಹಾ ವಿಮಾನ. ಕೈಯಲ್ಲಿ ಉಳಿದದ್ದು ತಾತ್ಕಾಲಿಕ ಪ್ರಮಾಣಪತ್ರವೊಂದೇ. ಈಗ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಬಾಟಲಿ ತೊಳೆದು ಚೀಟಿ ಅಂಟಿಸುತ್ತಾಳೆ. ಕೆಮಿಸ್ಟ್ ಹುದ್ದೆ ಖಾಲಿಯಾಗಿತ್ತು, ಸುಡಾನಿನ ಮ್ಯಾನೇಜರ್‌ಗೆ ಅವಳ ಕೆಲಸದ ಮೇಲೆ ನಂಬಿಕೆಯೂ ಇತ್ತು. ಆದರೆ ಆತ ತಾತ್ಕಾಲಿಕವನ್ನು ಬೆಳಕಿಗೆ ಹಿಡಿದು ನೋಡಿ, “ಇದು ಮಾಫಿ, ನಡೆಯುವುದಿಲ್ಲ, ಒರಿಜಿನಲ್ ತಾ. ಭಾನುವಾರದೊಳಗೆ ತೋರಿಸದಿದ್ದರೆ ಖಲಾಸ್, ಬೇರೆಯವರನ್ನು ತೆಗೆದುಕೊಳ್ಳುತ್ತೇನೆ” ಎಂದಿದ್ದ.

ಕುಲಸಚಿವ ಸೋಮನಾಥ ಹೊಸಮನಿ ಮೂಲೆಯ ಕುರ್ಚಿಯಲ್ಲಿ ಸಮೋಸಾ ತಿನ್ನುತ್ತಿದ್ದರು. ತೊಡೆಯ ಮೇಲೆ ಚರ್ಮದ ರಟ್ಟಿನ ನಿಯಮಾವಳಿ.

“ಸರ್, ಒಂದು ಮಾತು ಉಂಟು. ನನ್ನ ಡಿಗ್ರಿ ಸರ್ಟಿಫಿಕೇಟು...”

“ಬರ್ರಿ ತಂಗಿ, ಕೂಡ್ರಿ. ಯಾವ ಕಾಲೇಜ?” ಅವರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. “ಪದವಿ ಪಡಿಯೋರನ್ನ ಅವರ ಕಾಲೇಜಿನ ಪ್ರಾಂಶುಪಾಲರು ಕೈ ಹಿಡಿದು ಸಭಾದ ಮುಂದ ತರಬೇಕು. ನಿಯಮ ಐತಿ.”

“ಕಾಲೇಜು ಮುಚ್ಚಿ ಹೋಗಿದೆ ಸರ್. ಈಗ ಅಲ್ಲಿ ಮದುವೆ ಹಾಲ್ ಉಂಟು.”

“ಮದುವಿ ಹಾಲಿಗೆ ಪ್ರಾಂಶುಪಾಲರು ಇರಂಗಿಲ್ಲ,” ಎಂದು ಅವರು ಮರುಗಿದರು.

“ನಾನು ಕೈ ಹಿಡಿದು ತರ್ತೇನೆ,” ಎಂದರು ಅನ್ಸಾಫಾಕ ಕನ್ನಡಿಯ ಮುಂದಿನಿಂದಲೇ. “ಇನ್ನು ಅರ್ಧ ಗಂಟೆಯಲ್ಲಿ ನಾನು ಡಾಕ್ಟರ್ ಅಲ್ವಾ?”

“ಡಾಕ್ಟರ್ ಆಗಬಹುದು ನೀವು. ಪ್ರಾಂಶುಪಾಲರು ಆಗಾಕ ಬರೂದಿಲ್ಲ. ಅದಕ್ಕ ಓದಿರಬೇಕು.”

ಗೈರುಹಾಜರಿಯಲ್ಲಾದರೂ ಕೊಡಿ ಎಂದಳು ಜುವೈರಿಯಾ. ಹೊಸಮನಿಯವರು ಪುಟ ತಿರುವಿದರು. ಅದಕ್ಕೂ ದಾರಿಯಿತ್ತು: ಸಮುದ್ರದಾಚೆ ನೆಲೆಸಿದವರು, ತಮ್ಮನ್ನು ಕರೆದೊಯ್ದ ಹಡಗಿನ ಕಪ್ತಾನನಿಂದ ಪತ್ರ ತರಬೇಕು.

“ಗೊತ್ತುಂಟು ಸರ್. ನಿಮ್ಮ ಆಫೀಸಿನವರೇ ಹೇಳಿದ್ರು. ನಾನು ಬಂದದ್ದು ವಿಮಾನದಲ್ಲಿ. ವಿಮಾನದವರಿಗೆ ಇಮೇಲ್ ಬರೆದೆ. ಬ್ಯಾಗು ಕಳೆದಿದೆಯಾ ಅಂತ ಕೇಳಿದ್ರು.”

“ವಿಮಾನ ಸೇರಿಸಬೇಕು ಅಂತ ತಿದ್ದುಪಡಿ ಬಂದೈತಿ. ವಿಮಾನ ಅಂದ್ರ ಹಡಗು ಹೌದೋ ಅಲ್ಲೋ, ಉಪಸಮಿತಿ ನೋಡಾಕತ್ತೈತಿ.”

“ಯಾವಾಗಿಂದ?”

“ಅಧ್ಯಕ್ಷರು ತೀರಿಕೊಂಡಾರ. ಹೊಸಬರ ನೇಮಕಕ್ಕ ಇನ್ನೊಂದು ಉಪಸಮಿತಿ ಐತಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಜುವೈರಿಯಾಳ ನಾಲಿಗೆಯ ತುದಿಗೆ ಬಂತು. ಹೇಳಿ ಮುನಿಸು ಕಟ್ಟಿಕೊಳ್ಳಲು ಧೈರ್ಯ ಬರಲಿಲ್ಲ.

“ನೀವು ಒಂದ ಸಲನೂ ಫೇಲ್ ಆಗಿಲ್ಲೇನ್ರಿ?” ಹೊಸಮನಿಯವರು ಇದ್ದಕ್ಕಿದ್ದಂತೆ ಕೇಳಿದರು.

“ಇಲ್ಲ ಸರ್.”

“ಅದಕ್ಕ ನೋಡ್ರಿ, ನಿಮ್ಮ ಹೆಸರು ನಮಗ ಗೊತ್ತಿಲ್ಲ.” ಅವರು ಗುಟ್ಟು ಹೇಳುವವರಂತೆ ಬಾಗಿದರು. ಬ್ರಿಟಿಷರು ವಿಶ್ವವಿದ್ಯಾಲಯ ಕೊಟ್ಟರೇ ಹೊರತು ದುಡ್ಡು ಕೊಡಲಿಲ್ಲವಂತೆ. ಪಾಠ ಹೇಳಬೇಡಿ, ಪರೀಕ್ಷೆ ನಡೆಸಿ, ಅದರ ಶುಲ್ಕದಲ್ಲೇ ಬದುಕಿಕೊಳ್ಳಿ ಎಂದರಂತೆ. “ಫೇಲಾದವರು ಮತ್ತ ಮತ್ತ ಕಟ್ಟತಾರ. ಗಡಿಯಾರದ ಗೋಪುರ ಕಟ್ಟಿದ್ದು ಅವರ ದುಡ್ಡಿನಾಗ. ಪಾಸಾದವರು ಹೋದ್ರ ಹೋದ್ರು, ತಿರುಗಿ ನೋಡಂಗಿಲ್ಲ. ಲೆಕ್ಕದಾಗ ನೀವು ನಷ್ಟ ತಂಗಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಈಗಿನ ಹುಡುಗರು ಫೇಲಾಗುವುದನ್ನೂ ಕಡಿಮೆ ಮಾಡಿದ್ದರು. ಗೋಪುರ ವಾಲಿತ್ತು, ನಿವೃತ್ತರಿಗೆ ಪಿಂಚಣಿ ನಿಂತಿತ್ತು. ಆಗ ಯಾರಿಗೋ ಹಳೆಯ ಪುಸ್ತಕದಲ್ಲಿ, ದೇಣಿಗೆ ಕೊಡುವವರನ್ನು ಕರೆತರಬಲ್ಲ ಗೌರವ ಡಾಕ್ಟರೇಟಿನ ನಿಯಮ ಕಂಡಿತು. ಬಂದುಹೋಗುವ ಗವರ್ನರುಗಳಿಗಾಗಿ ಬರೆದದ್ದಾದ್ದರಿಂದ ಅದರಲ್ಲಿ ಪರೀಕ್ಷೆಯಿರಲಿಲ್ಲ, ಪ್ರಾಂಶುಪಾಲರಿರಲಿಲ್ಲ, ಕಪ್ತಾನನೂ ಇರಲಿಲ್ಲ. ವೇದಿಕೆಯ ಮೇಲೆ ಪದವಿ ಪಡೆಯುವವರು ಐವರಿಗಿಂತ ಕಡಿಮೆ ಇದ್ದರೆ ಸಭೆ ಅಸಿಂಧು, ಅಷ್ಟೆ. ಗವರ್ನರ್ ಒಬ್ಬನೇ ನಿಂತರೆ ಶೋಭೆಯಲ್ಲ ಎಂದು ಆಗ ಯಾರಿಗೋ ಅನ್ನಿಸಿರಬೇಕು.

ಹೊರಗೆ ನಾಡಗೀತೆ ಮುಗಿಯುತ್ತಿದ್ದಂತೆ ಅನ್ಸಾಫಾಕನ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿದವರು ಒಳಗೆಳೆದಿದ್ದ ಹೊಟ್ಟೆಯನ್ನು ಬಿಟ್ಟೇಬಿಟ್ಟರು.

“ಸಂತೋಷ್ ಬರುದಿಲ್ಲಂತೆ. ಯಾರೋ ಗೌನಿನ ಫೋಟೋ ಕಳ್ಸಿದ್ದಾರೆ. ಹೆಂಡತಿ ನೋಡಿ ನಕ್ಕಿದ್ದಾಳೆ.”

ನಾಲ್ವರೇ ಆದರೆ ಸಭೆಯಿಲ್ಲ. ಸಭೆಯಿಲ್ಲದಿದ್ದರೆ ಡಾಕ್ಟರೇಟಿಲ್ಲ, ದೇಣಿಗೆಯಿಲ್ಲ, ಗೋಪುರವಿಲ್ಲ. ಹೊಸಮನಿಯವರ ಕಣ್ಣು ಗೋಡೆಯಿಂದ ಗೋಡೆಗೆ ಹೋಗಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಿಂತಿದ್ದ ಜುವೈರಿಯಾಳ ಮೇಲೆ ಬಂದು ನಿಂತಿತು. ಅವರು ಅನ್ಸಾಫಾಕನನ್ನು ಪಕ್ಕಕ್ಕೆ ಕರೆದರು. ಪಿಸುಮಾತಾಯಿತು. ಅನ್ಸಾಫಾಕ ದೊಡ್ಡದಾಗಿ ತಲೆಯಾಡಿಸಿದರು: ಸಂತೋಷ್ ಕೊಡಬೇಕಿದ್ದದ್ದನ್ನು ಅವರೇ ಹಾಕುತ್ತಾರೆ.

“ತಂಗಿ,” ಹೊಸಮನಿಯವರ ದನಿ ಜೇನಾಯಿತು, “ನಿಮಗ ಡಿ.ಎಸ್ಸಿ. ಕೊಡತೀವಿ. ವಿಜ್ಞಾನದಾಗ ಡಾಕ್ಟರೇಟ್.”

ಜುವೈರಿಯಾ ಬಾಯಿಂದ ಪಿನ್ನು ತೆಗೆದಳು. “ನನಗೆ?”

“ಸಿಂಡಿಕೇಟಿಗೆ ಯೋಗ್ಯರು ಅಂತ ಕಂಡ್ರ ಸಾಕು. ಹೊರಗ ಕುಂತ ಕುಲಪತಿಗಳೂ ನಾನೂ ಸೇರಿದ್ರ ಅದ ಸಿಂಡಿಕೇಟ್. ಕಂಡ್ರಿ.”

“ಸರ್, ಹಾಗಾದ್ರೆ ನನ್ನ ಬಿಎಸ್ಸಿಯನ್ನೇ ಕೊಡಿ. ಐದನೆಯವಳಾಗಿ ನಿಲ್ತೇನೆ.”

“ಅದೆಂಗ ಕೊಡಾಕ ಬರತೈತಿ? ಬಿಎಸ್ಸಿಗೆ ನಿಯಮ ಐತಿ!” ಅವರಿಗೆ ನಿಜಕ್ಕೂ ಆಘಾತವಾಗಿತ್ತು.

“ಪಾಸಾಗಿದ್ದೇನಲ್ಲ.”

“ಪಾಸಾದವರಿಗೇ ಇರೂದು ನಿಯಮ.”

“ಮಗಳೇ, ಯೋಚನೆ ಮಾಡ್ಬೇಡ,” ಅನ್ಸಾಫಾಕ ಕೈಮುಗಿದರು. “ನಿನ್ನ ಮ್ಯಾನೇಜರ್‌ಗೆ ಎಂತ ಗೊತ್ತಾಗ್ತದೆ? ಒರಿಜಿನಲ್ ಕೇಳಿದ್ದಾನೆ. ಇದು ಒರಿಜಿನಲ್ಲೇ. ಸೀಲ್ ನೋಡು, ಮಗುವಿನ ತಲೆಯಷ್ಟು ದೊಡ್ಡದುಂಟು! ಕೆಮಿಸ್ಟ್ ಎಂತದು, ಅವನ ಕುರ್ಚಿಯನ್ನೇ ಕೊಡ್ತಾನೆ. ಯಲ್ಲಾ, ಹಾಕು.”

ಐದನೆಯ ಗೌನು ಅವಳ ತೋಳಿನ ಮೇಲೆ ಬಂದು ಬಿತ್ತು. ಅವಳ ಅಳತೆಗೆ ಅದು ಸರಿಯಾಗಿಯೇ ಇತ್ತು, ಮಣಿಗಳೂ ಚೆಂದವಿದ್ದವು. ಡಾಕ್ಟರ್ ಜುವೈರಿಯಾ. ಮನೆಯಲ್ಲಿ ಎಲ್ಲರೂ ಕುಣಿಯುತ್ತಾರೆ. ಮ್ಯಾನೇಜರ್ ಬಹುಶಃ ನಂಬುತ್ತಾನೆ. ಅವಳು ಅಂಟಿಸಿದ ಚೀಟಿಯನ್ನು ಆತ ಎರಡನೆಯ ಸಲ ಓದಿದವನಲ್ಲ. ಅಲ್ ವಕ್ರಾ ಎಂದು ಅವಳು ಊರಿನ ಹೆಸರು ಬರೆದರೆ ಬಾಟಲಿಯಲ್ಲಿರುವುದು ಅಲ್ ವಕ್ರಾದ ನೀರೇ ಎಂದು ಹಾಗೆಯೇ ಸಹಿ ಹಾಕುತ್ತಿದ್ದ. ಅವಳೂ ಈವರೆಗೆ ಬೇರೆ ನೀರಿಗೆ ಆ ಹೆಸರು ಅಂಟಿಸಿದವಳಲ್ಲ.

ಹೊರಗೆ ಮೈಕಿನಲ್ಲಿ ಗಣ್ಯರನ್ನು ಕರೆದರು. ನಾಲ್ವರೂ ಸಾಲಾಗಿ ನಿಂತು ಅವಳಿಗೆ ಜಾಗ ಬಿಟ್ಟರು.

“ಹೆಸರ ಹೆಂಗ ಬರೀಲಿ?” ಹೊಸಮನಿಯವರು ಪೆನ್ನು ತೆಗೆದರು.

ಜುವೈರಿಯಾ ಗೌನನ್ನು ನೀಟಾಗಿ ಮಡಚಿ, ಪಿನ್ನಿನ ಡಬ್ಬಿಯನ್ನು ಅದರ ಮೇಲಿಟ್ಟು, ಅವರ ಕೈಯಲ್ಲಿದ್ದ ನಿಯಮಾವಳಿಯ ಮೇಲೆ ಇಟ್ಟಳು.

“ಬೇಡ ಸರ್.”