ಮೂವತ್ತೆಂಟು ಇಂಚಿನ ಚಕ್ರ

ನನ್ನ ಗಂಡ ಟೋರ್ಫಿಗೆ ಮಾತು ಬರುವುದಿಲ್ಲ ಎಂದಲ್ಲ. ಬರುತ್ತದೆ, ಖರ್ಚು ಮಾಡುವುದಿಲ್ಲ ಅಷ್ಟೆ. ನಲವತ್ತು ವರ್ಷದಲ್ಲಿ ಅವನು ನನ್ನೊಡನೆ ಆಡಿದ್ದನ್ನೆಲ್ಲ ಒಟ್ಟು ಮಾಡಿದರೆ ಒಂದು ಭಾನುವಾರಕ್ಕೂ ಸಾಲದು. ಮಾತಿನ ಬದಲು ಅವನಿಗೆ ವೆಲ್ಡಿಂಗ್ ಇದೆ.

ಫೆಬ್ರವರಿಯಲ್ಲಿ ನಾನು ಕೊಟ್ಟಿಗೆಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಎಡ ಸೊಂಟ ಮುರಿದುಕೊಂಡೆ. ಅಕುರೇರಿಯ ಆಸ್ಪತ್ರೆಯಲ್ಲಿ ಲೋಹದ ಕೀಲು ಕೂರಿಸಿದರು. "ನಡೀಬಹುದು, ಹಾಲು ಕರೀಬಹುದು. ಕುದುರೆ ಮಾತ್ರ ಇನ್ನು ಬೇಡ," ಎಂದಳು ಡಾಕ್ಟರು, ನನ್ನ ಮಗಳ ವಯಸ್ಸಿನವಳು. ಕುದುರೆ ಬೇಡ ಎಂದರೆ ಬೆಟ್ಟ ಬೇಡ ಎಂದ ಹಾಗೆ. ಅದು ಅವಳಿಗೆಲ್ಲಿ ಗೊತ್ತು!

ಬೇಸಿಗೆಯೆಲ್ಲ ಬೆಟ್ಟದಲ್ಲಿ ಬಿಟ್ಟ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಊರವರು ಸೇರಿ ಕೂಡಿಸಿ ತರುತ್ತೇವೆ. ಹದಿನೆಂಟು ಸವಾರರು, ಐದು ದಿನ. ಮೇಲಿನ ಗುಡಿಸಲಿನಲ್ಲಿ ಅವರಿಗೆ ಬೇಯಿಸಿ ಹಾಕುವವಳು ನಾನು, ಮೂವತ್ತೊಂದು ವರ್ಷದಿಂದ. ದಾರಿಯಲ್ಲಿ ಒಂದು ನದಿ ಇದೆ, ಸೇತುವೆ ಇಲ್ಲ. ಐಸ್‌ಲ್ಯಾಂಡಿನಲ್ಲಿ ಸೇತುವೆ ಕಟ್ಟುವುದು ಮನುಷ್ಯರ ಊರಿಗೆ, ಕುರಿಗಳ ಊರಿಗಲ್ಲ. ನಾನು ಕುದುರೆಯ ಮೇಲೆ ದಾಟುತ್ತಿದ್ದೆ. ಪಾತ್ರೆ, ಆಲೂಗಡ್ಡೆ ಟ್ರಾಕ್ಟರಿನಲ್ಲಿ ಬರುತ್ತಿದ್ದವು.

ಏಪ್ರಿಲಿನಲ್ಲಿ ಕೋಲ್ಬೆಯ್ನ್ ಫೋನು ಮಾಡಿದ. ಸವಾರರ ಮುಖಂಡ ಅವನು, ಅವನನ್ನು ನಾವು ಬೆಟ್ಟದ ರಾಜ ಎನ್ನುತ್ತೇವೆ.

"ಹೆರ್ದಿಸ್, ಈ ವರ್ಷ ಆರಾಮಾಗಿ ಮನೇಲಿದ್ಬಿಡು. ಯೋರುನ್ ಅಡುಗೆ ಮಾಡ್ತೀನಿ ಅಂದಿದಾಳೆ."

"ಯೋರುನ್ನಾ? ಅವಳ ಸೂಪಲ್ಲಿ ಕುರಿ ಈಜಿ ದಡ ಸೇರ್ಕೊಂಡಿರತ್ತೆ, ಬರೀ ನೀರು ಉಳಿದಿರತ್ತೆ!"

"ಏನ್ಮಾಡೋದು ಮತ್ತೆ? ಆಲೂಗಡ್ಡೆ ಮೂಟೆ ಜತೆ ಟ್ರೇಲರಲ್ಲಿ ಬರ್ತೀಯಾ? ಆ ಕುಲುಕಾಟಕ್ಕೆ ನಿನ್ನ ಸೊಂಟ ಉಳಿಯುತ್ತಾ?"

ಫೋನು ಕುಕ್ಕಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತೆ. ಟೋರ್ಫಿ ಮೇಜಿನ ಹತ್ತಿರ ಕೂತು, ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿಕೊಂಡು ಕಾಫಿ ಕುಡಿಯುತ್ತಿದ್ದ. ಎಲ್ಲ ಕೇಳಿಸಿಕೊಂಡ. ಲೋಟ ಇಟ್ಟು ಎದ್ದು ಗ್ಯಾರೇಜಿಗೆ ಹೋದ. ಹೆಂಡತಿ ಅಳುತ್ತಿದ್ದಾಳೆ, ಈ ಮಹಾರಾಯ ಗ್ಯಾರೇಜಿಗೆ! ನನಗೆ ಮೈಯೆಲ್ಲ ಉರಿದುಹೋಯಿತು.

ಸ್ವಲ್ಪ ಹೊತ್ತಿಗೆ ತಗಡು ಕೊಯ್ಯುವ ಸದ್ದು. ಕೋಲೂರಿಕೊಂಡು ಹೋಗಿ ನೋಡಿದರೆ, ಮೂವತ್ತು ವರ್ಷ ಹುಲ್ಲು ಹೊತ್ತ ನಮ್ಮ ಜಪಾನಿ ಪಿಕಪ್ಪಿನ ಚಕ್ರದ ಮೇಲಿನ ತಗಡನ್ನು ಅರ್ಧ ಸೀಳಿದ್ದಾನೆ.

"ಏನೋ ಮಾಡ್ತಿದೀಯಾ?"

"ಕೊಯ್ತಿದೀನಿ."

"ಕುರುಡಿಯಲ್ಲ ನಾನು. ಯಾಕೆ?"

"ಮೂವತ್ತೆಂಟು ಇಂಚಿನ ಚಕ್ರ ಹಿಡಿಸ್ಬೇಕು. ನದಿಗೆ."

ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಬೇಸಿಗೆಯೆಲ್ಲ ಅದೇ ಕೆಲಸ. ಬಾಡಿಯನ್ನು ಎತ್ತಿದ, ನದಿಯ ನೀರು ಹೊಗದಂತೆ ಇಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯನ್ನು ಚಾವಣಿಯವರೆಗೆ ಏರಿಸಿದ. ಇದರ ಜತೆಗೆ ಅವನಿಗೆ ಹೊಸ ಚಾಳಿಯೊಂದು ಹತ್ತಿತು. ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಹಲಗೆ ಒಟ್ಟುವುದು. ಮೇ ತಿಂಗಳಲ್ಲಿ ಮೂರು ಹಲಗೆ ಇತ್ತು, ಜೂನಿನಲ್ಲಿ ಐದಾಯಿತು. ದಿನಾ ಕಾಲೆತ್ತಿ ದಾಟಿ ದಾಟಿ ನನಗೆ ಸಾಕಾಗಿತ್ತು. "ಎತ್ತಿಡೋಕೇನೋ ಧಾಡಿ ನಿಂಗೆ?" ಎಂದರೆ "ಆಮೇಲೆ" ಎನ್ನುವನು. ಮಾರನೇ ವಾರ ಇನ್ನೊಂದು ಸೇರಿರುತ್ತಿತ್ತು.

ಜುಲೈ ಕೊನೆಗೆ ಗಾಡಿ ಹೊರಗೆ ಬಂತು. ಅಬ್ಬಬ್ಬಾ! ಸೀಟು ನನ್ನ ಎದೆಯ ಮಟ್ಟಕ್ಕಿತ್ತು. ಹತ್ತಲು ಎರಡೂ ಬದಿಗೆ ಒಂದೊಂದು ಮೆಟ್ಟಿಲು ಬೆಸೆದಿದ್ದ. ಎಡಗಾಲು ಎತ್ತಿದೆ. ಅರ್ಧಕ್ಕೆ ನಿಂತಿತು. ಮತ್ತೆ ಎತ್ತಿದೆ. ಊಹೂಂ.

"ಮೆಟ್ಲು ಕೆಳಗಿಳಿಸು."

"ಕಲ್ಲಿಗೆ ಬಡಿದು ಕಿತ್ತೋಗತ್ತೆ."

"ಗಾಡೀನೇ ಇಳಿಸು ಹಾಗಾದ್ರೆ."

"ನೀರು ಒಳಗೆ ಬರತ್ತೆ."

ನನಗೆ ತಡೆಯಲಾಗಲಿಲ್ಲ. "ಸರಿ, ಸ್ಟೂಲ್ ಹಾಕಿ ಹಿಂದಿನಿಂದ ತಳ್ಳು. ಹದಿನೆಂಟು ಜನ ನಿಂತು ನೋಡ್ಲಿ. ಹಸುಗಳನ್ನ ಪಕ್ಕದ ಮನೆಯವರಿಗೆ ಒಪ್ಪಿಸಿ ನೀನು ಗಾಡಿ ಓಡ್ಸು, ನಾನು ಪಕ್ಕದಲ್ಲಿ ಮೂಟೆ ಥರ ಕೂತಿರ್ತೀನಿ. ಬೇಡಪ್ಪಾ ಬೇಡ. ಆ ಯೋರುನ್ನನ್ನೇ ಕೂರಿಸ್ಕೊಂಡು ಹೋಗು!"

ಅವನ ಮುಖ ಕಪ್ಪಿಟ್ಟಿತು. ಟೇಪು ತೆಗೆದು ನೆಲದಿಂದ ಮೆಟ್ಟಿಲಿಗೆ ಅಳೆದ. ನೇರ ಅಡುಗೆಮನೆಗೆ ನಡೆದು ಬಾಗಿಲಿನ ಹಲಗೆ ರಾಶಿಗೂ ಟೇಪು ಹಿಡಿದ.

"ಇಪ್ಪತ್ತಾರು," ಎಂದ. "ಮೇನಲ್ಲಿ ಹನ್ನೆರಡಿತ್ತು."

ನನ್ನ ಕಾಲು ಎಷ್ಟು ಸೆಂಟಿಮೀಟರ್ ಏಳುತ್ತದೆಂದು ಮೂರು ತಿಂಗಳಿಂದ ಅವನು ನೋಡುತ್ತಿದ್ದ. ನಾನು ಬೈಯುತ್ತಿದ್ದೆ, ಬೈಯುತ್ತಲೇ ಕಾಲೆತ್ತುತ್ತಿದ್ದೆ. ನಾಚಿಕೆಯಾಯಿತು, ಅವನ ಮೇಲೆ ಪ್ರೀತಿ ಉಕ್ಕಿತು. ಆದರೆ ಮೆಟ್ಟಿಲು ಇದ್ದದ್ದು ನಲವತ್ತಾರಕ್ಕೆ. ಇನ್ನೂ ಇಪ್ಪತ್ತು ಬೇಕಿತ್ತು. ಪ್ರೀತಿಯಿಂದ ಕಾಲು ಉದ್ದವಾಗುವುದಿಲ್ಲ.

ಆಗಸ್ಟಿನಲ್ಲಿ ಅವನು ಅಕುರೇರಿಯ ಗುಜರಿಗೆ ಹೋಗಿ ಹಳೆಯ ಸಿಟಿ ಬಸ್ಸಿನಲ್ಲಿ ಸ್ಪ್ರಿಂಗಿನ ಬದಲು ಇರುವ, ಗಾಳಿ ತುಂಬುವ ದಪ್ಪ ರಬ್ಬರ್ ಚೀಲಗಳನ್ನು ತಂದ. ಮತ್ತೆ ಗ್ಯಾರೇಜಿನ ಬಾಗಿಲು ಮುಚ್ಚಿತು. ನಾನು ಕೇಳಲಿಲ್ಲ. ಆಸೆಪಟ್ಟು ಮತ್ತೆ ಬೀಳಲು ನನಗೆ ಧೈರ್ಯವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸವಾರರು ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೋಲ್ಬೆಯ್ನ್ ಬಂದ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿನ್ನ ದೊಡ್ಡ ಪಾತ್ರೆ ಬೇಕಿತ್ತು. ಯೋರುನ್ ಹತ್ರ ಅಷ್ಟು ದೊಡ್ಡದು ಇಲ್ವಂತೆ."

ಪಾತ್ರೆ ತಂದು ಅವನ ಕೈಗೆ ಕೊಟ್ಟೆ. ಮೂವತ್ತೊಂದು ವರ್ಷ ನಾನೇ ತಿಕ್ಕಿದ ಪಾತ್ರೆ. ಕೊಟ್ಟ ಮೇಲೂ ಅದರ ಒಂದು ಹಿಡಿಕೆ ನನ್ನ ಕೈಯಲ್ಲೇ ಉಳಿದಿತ್ತು, ಅವನು ಮೆಲ್ಲಗೆ ಎಳೆದುಕೊಳ್ಳಬೇಕಾಯಿತು.

ಅಷ್ಟರಲ್ಲಿ ಟೋರ್ಫಿ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಇಳಿದು, ಬಾಗಿಲ ಬಳಿಯ ಒಂದು ಗುಂಡಿ ಒತ್ತಿದ. ಬುಸ್ಸೆಂದು ಗಾಳಿ ಬಿಟ್ಟಿತು. ಅಷ್ಟು ದೊಡ್ಡ ಗಾಡಿ, ಮಲಗಲು ಹೊರಟ ಹಸುವಿನಂತೆ, ನಿಧಾನವಾಗಿ ಒಂದು ಮಗ್ಗುಲಿಗೆ ತಗ್ಗಿತು. ನಿಲ್ದಾಣದಲ್ಲಿ ಮುದುಕರಿಗಾಗಿ ಬಸ್ಸು ತಗ್ಗುತ್ತದಲ್ಲ, ಹಾಗೆ.

ನಾನು ಕೂರುವುದು ಇನ್ನೊಂದು ಬದಿಗೆ, ಅತ್ತ ಸುತ್ತಿ ಹೋದೆ. ಅಲ್ಲಿ ಮೆಟ್ಟಿಲು ಇನ್ನೂ ಮೇಲೇ ಇತ್ತು.

"ಅಯ್ಯೋ ಟೋರ್ಫಿ, ತಪ್ಪು ಬದಿ ಇಳಿಸಿದೀಯಲ್ಲೋ! ನಾನು ಹತ್ತೋದು ಈ ಕಡೆ."

"ಅಲ್ಲ," ಎಂದ ಅವನು. "ನೀನು ಹತ್ತೋದು ಈ ಕಡೆ."

ಗಾಡಿ ಬಗ್ಗಿದ್ದದ್ದು ಸ್ಟಿಯರಿಂಗ್ ಇರುವ ಬದಿಗೆ.

ಸುತ್ತಿ ಬಂದು ಒಳಗೆ ಬಗ್ಗಿ ನೋಡಿದೆ. "ಕ್ಲಚ್ಚು? ನನ್ನ ಎಡಗಾಲು..."

"ಒತ್ತಿ ನೋಡು. ಬೆಣ್ಣೆ ಥರ ಮಾಡಿದೀನಿ."

"ನೀನು ಬರಲ್ವಾ?"

"ಹಸು ಯಾರು ಕರೀತಾರೆ?" ಎಂದವನು ಕೈಯಲ್ಲಿದ್ದ ಬಟ್ಟೆಗೆ ಬೆರಳು ಒರೆಸಿದ, ಮತ್ತೆ ಒರೆಸಿದ. ಆಮೇಲೆ ಕೋಲ್ಬೆಯ್ನ್ ನಿಂತಿರುವುದನ್ನೂ ಮರೆತು, ವರ್ಷಕ್ಕಾಗುವಷ್ಟು ಮಾತು ಒಂದೇ ಉಸಿರಿಗೆ ಆಡಿದ. "ಪ್ರತಿ ವರ್ಷ ಐದು ದಿನ ನೀನಿಲ್ದೆ ಮನೆ ಬಿಕೋ ಅನ್ನತ್ತೆ. ಅದು ನಂಗೆ ಅಭ್ಯಾಸ. ಆದ್ರೆ ಈ ಸಲ ನೀನು ಮನೇಲಿದ್ರೂ ಮನೇಲಿರಲ್ಲ. ಕಿಟಕೀಲಿ ನಿಂತು ಬೆಟ್ಟ ನೋಡ್ತಿರ್ತೀಯ. ಅದನ್ನ ನನ್ನ ಕೈಲಿ ನೋಡಕ್ಕಾಗಲ್ಲ ಕಣೇ."

ಎಡಗಾಲು ಎತ್ತಿ ಮೆಟ್ಟಿಲ ಮೇಲಿಟ್ಟೆ. ಸೊಂಟ ಕುಯ್ಯೋ ಎಂದಿತು, ಎನ್ನಲಿ. ಬಾಗಿಲ ಬದಿಯ ಹಿಡಿಕೆ ಹಿಡಿದು ಮೈಯನ್ನು ಮೇಲೆಳೆದುಕೊಂಡೆ. ಕೂತೆ. ಯಾರೂ ನನ್ನನ್ನು ಮುಟ್ಟಲಿಲ್ಲ.

ಕೋಲ್ಬೆಯ್ನ್ ಪಾತ್ರೆ ಅಪ್ಪಿಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ.

"ಹಿಂದ್ಗಡೆ ಇಡೋ ಅದನ್ನ," ಎಂದೆ.

"ಯೋರುನ್‌ಗೆ ಏನು ಹೇಳ್ಲಿ?"

"ಬರ್ಲಿ. ಈರುಳ್ಳಿ ಹೆಚ್ಚೋಕೆ ಜನ ಬೇಕು."

ಟೋರ್ಫಿ ತೋರಿಸಿದ ಗುಂಡಿ ಒತ್ತಿದೆ. ಗಾಳಿ ತುಂಬಿತು, ಗಾಡಿ ನನ್ನನ್ನು ಹೊತ್ತು ಮೇಲೇಳತೊಡಗಿತು. ಅವನ ಮುಖ ಕೆಳಗೆ ಉಳಿಯಿತು. ನಾನು ಕಿಟಕಿಯಿಂದ ಬಗ್ಗಿ ಆ ಬೋಳು ತಲೆಯ ಮೇಲೆ ಕೈಯಿಟ್ಟೆ.

"ನಾಳೆಯಿಂದ ಐದು ದಿನ ಬರೀ ಕಾಫೀಲಿ ಇರ್ಬೇಡ, ಊಟ ಮಾಡು," ಎಂದೆ.

"ಹೂಂ," ಎಂದ ಅವನು.